ಮೂರು ಮುಳ್ಳಿನ ಗಾಳಕ್ಕೆ ಬಾಗುವ ಕೋಲು



ಬೇಸ್ ಮತ್ತು ಟ್ರೆಬಲ್ ಎಂದರೆ ನಮ್ಮಂಥ ರೇಡಿಯೊ ಮಂದಿಗೆ ನೆನಪಾಗುವುದು ಸೆಟ್ಟಿನ ಎರಡು ಗುಂಡಿಗಳು. ಒಂದನ್ನು ತಿರುಗಿಸಿದರೆ ಮೃದಂಗ ಗುಮ್ಮೆನ್ನುತ್ತದೆ, ಇನ್ನೊಂದನ್ನು ತಿರುಗಿಸಿದರೆ ತಾಳ ಕಿಣಿಕಿಣಿ ಎನ್ನುತ್ತದೆ. ಅಮೆರಿಕದಲ್ಲಿ ಕೆರೆಗೆ ಗಾಳ ಹಾಕುವವರ ಬಾಯಲ್ಲೂ ಇವೇ ಎರಡು ಶಬ್ದಗಳು ಓಡಾಡುತ್ತವೆ. ಅಲ್ಲಿ ಮೊದಲನೆಯದು ಒಂದು ಮೀನು. ಇಂಗ್ಲಿಷಿನಲ್ಲಿ ಬರೆಯುವ ಅಕ್ಷರಗಳು ಅವೇ, ಹೇಳುವುದು ಮಾತ್ರ ಬ್ಯಾಸ್. ಎರಡನೆಯದು ಒಂದೇ ಬುಡದಿಂದ ಮೂರು ಮುಳ್ಳು ಕವಲೊಡೆದ ಗಾಳ, ಅಂದರೆ ಟ್ರೆಬಲ್ ಹುಕ್. ಈ ಮೀನಿಗೆ, ಈ ಗಾಳಕ್ಕೆ ಎಂಥ ಕೋಲು ಬೇಕು ಎಂಬುದೇ ಈ ಸಲದ ಬರಹ.

ಇದು ನಮ್ಮ ಪತ್ರಿಕೆಯಲ್ಲಿ ಏಕೆ ಎಂದು ಕೇಳಬಹುದು. ನಮ್ಮ ಕೇಳುಗರಲ್ಲಿ ಎಷ್ಟೋ ಮಂದಿ ನಿವೃತ್ತರು. ಮಗನೋ ಮಗಳೋ ಅಮೆರಿಕದಲ್ಲಿ. ಎರಡು ವರ್ಷಕ್ಕೊಮ್ಮೆ ಹೋಗಿ ನಾಲ್ಕಾರು ತಿಂಗಳು ಇದ್ದು ಬರುವವರು. ವಾರದ ದಿನಗಳಲ್ಲಿ ಅಲ್ಲಿ ಹೊತ್ತು ಹೋಗುವುದಿಲ್ಲ. ಶನಿವಾರ ಬಂತೆಂದರೆ ಮೊಮ್ಮಕ್ಕಳು ಕೆರೆ ದಂಡೆಗೆ ಎಳೆಯುತ್ತಾರೆ. ಹಾಗೆ ಹೋದವರಲ್ಲಿ ನಾನೂ ಒಬ್ಬ. ಡೊಂಬಿವಲಿಯಲ್ಲಿ ಮೂವತ್ತು ವರ್ಷ ಲೋಕಲ್ ರೈಲು ಹಿಡಿದವನಾದರೂ ಹುಟ್ಟಿದ್ದು ಕುಂದಾಪುರದ ಕಡೆ, ಹೊಳೆಯ ಬದಿಯಲ್ಲಿ. ಓಟೆಯ ಕೋಲಿಗೆ ದಾರ ಕಟ್ಟಿ, ಸಿಗಡಿ ಚುಚ್ಚಿ ಕಾಣೆ ಮೀನು ಹಿಡಿದ ಕೈ ಇದು. ಗಾಳದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಇತ್ತು. ಆ ಜಂಬಕ್ಕೆ ಹತ್ತು ವರ್ಷದ ಮೊಮ್ಮಗನ ಕಣ್ಣು ಬಲಿಯಾಗಬೇಕಿತ್ತು, ಎರಡು ಅಂಗುಲದಲ್ಲಿ ತಪ್ಪಿತು.

ಆದದ್ದು ಇಷ್ಟು. ಮಗಳ ಮನೆ ಟೆಕ್ಸಾಸಿನ ಡಲ್ಲಾಸ್ ಹತ್ತಿರ. ಅಲ್ಲಿನ ಒಂದು ಅಂಗಡಿಯಲ್ಲಿ ಕೋಲು ಕೊಳ್ಳಲು ಹೋದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಎಲ್ಲಕ್ಕಿಂತ ಗಟ್ಟಿಯಾದದ್ದು ಯಾವುದು? ದೊಡ್ಡ ಮೀನಿಗೆ ಗಟ್ಟಿ ಕೋಲು ಎಂಬುದು ನನ್ನ ಲೆಕ್ಕ. ಅಂಗಡಿಯವನು ಏಳಡಿ ಮೂರಂಗುಲದ, ಬಗ್ಗಿಸಿದರೂ ಬಗ್ಗದ ಕೋಲು ಕೊಟ್ಟ. ಅದಕ್ಕೆ ನಾನೇ ಆರಿಸಿ 50 ಪೌಂಡಿನ ಹೆಣೆದ ದಾರ ಸುತ್ತಿಸಿದೆ. ರೀಲಿನ ಬಿಗಿಯನ್ನು ಕೈಲಾದಷ್ಟು ತಿರುಗಿಸಿ ಕಟ್ಟಿದೆ. ತುದಿಗೆ ಕ್ರ್ಯಾಂಕ್‌ಬೈಟ್ ಎಂಬ ಹುಸಿಮೀನು, ಅದರ ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮುಳ್ಳಿನ ಗಾಳ. ಮೊಮ್ಮಗ ಎಸೆದ, ಸುತ್ತಿದ, ಮೀನು ಕಚ್ಚಿತು. ದಂಡೆಯಿಂದ ಹತ್ತಡಿ ದೂರದಲ್ಲಿ ಅದು ನೀರಿನಿಂದ ಮೇಲಕ್ಕೆ ನೆಗೆದು ತಲೆ ಕೊಡವಿತು. ಮರುಕ್ಷಣ ಮೀನಿಲ್ಲ; ಆ ಹುಸಿಮೀನು ಕವಣೆಕಲ್ಲಿನಂತೆ ನಮ್ಮ ಕಡೆಗೇ ಹಾರಿ ಬಂದು ಹುಡುಗನ ಟೋಪಿಯ ಅಂಚಿಗೆ ಕಚ್ಚಿಕೊಂಡಿತು. ಅವನು ಮೀನು ಹೋಯಿತೆಂದು ಅಳುತ್ತಿದ್ದ. ಮಗಳು ಟೋಪಿಯನ್ನು ಕೈಯಲ್ಲಿ ಹಿಡಿದು ಏನೂ ಮಾತಾಡಲಿಲ್ಲ. ಆ ದಿನ ಮನೆಗೆ ಬರುವ ದಾರಿಯಲ್ಲೂ ಮಾತಾಡಲಿಲ್ಲ.

ಆಮೇಲೆ ತಿಳಿದವರನ್ನು ಕೇಳಿ, ಓದಿ, ಕೈಯಾರೆ ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂರು ಮುಳ್ಳು ಯಾಕೆ ಬೇರೆ?

ಅಮೆರಿಕದವರು ಬ್ಯಾಸ್ ಹಿಡಿಯಲು ಬಳಸುವ ಹುಸಿ ಆಹಾರದಲ್ಲಿ ಎರಡು ಜಾತಿ ಎಂದು ತಿಳಿಯಿರಿ. ಒಂದು ಜಾತಿಯಲ್ಲಿ ಒಂಟಿ ಗಾಳ. ಮೆತ್ತನೆಯ ಪ್ಲಾಸ್ಟಿಕ್ ಎರೆಹುಳುವಿನ ಒಳಗೆ ದಪ್ಪ ತಂತಿಯ ಒಂದು ಕೊಕ್ಕೆ ಅಡಗಿರುತ್ತದೆ. ಮೀನು ಕಚ್ಚಿದ ಮೇಲೆ ಆ ಕೊಕ್ಕೆ ಪ್ಲಾಸ್ಟಿಕ್ಕನ್ನೂ ತೂರಿ, ದವಡೆಯನ್ನೂ ತೂರಬೇಕು. ಅದಕ್ಕೆ ಜೋರಾಗಿ ಒಂದು ಎಳೆತ ಬೇಕು, ಆದ್ದರಿಂದ ಗಟ್ಟಿ ಕೋಲು ಬೇಕು. ಒಮ್ಮೆ ಚುಚ್ಚಿತೆಂದರೆ ಆಳಕ್ಕೆ ಇಳಿಯುತ್ತದೆ, ಸುಲಭಕ್ಕೆ ಕಳಚುವುದಿಲ್ಲ.

ಇನ್ನೊಂದು ಜಾತಿಯೇ ನಮ್ಮದು. ಮರದ್ದೋ ಪ್ಲಾಸ್ಟಿಕ್ಕಿನದೋ ಮೀನಿನಾಕಾರ, ಅದಕ್ಕೆ ನೇತುಹಾಕಿದ ಎರಡು ಅಥವಾ ಮೂರು ಟ್ರೆಬಲ್ ಗಾಳ. ಇವುಗಳ ತಂತಿ ತೆಳು, ಮೊನೆ ಸೂಜಿಯಂತೆ ಚೂಪು, ಹೊರಗೇ ಕಾಣುತ್ತಿರುತ್ತದೆ. ಚುಚ್ಚಲು ಬಲವೇ ಬೇಡ. ಕೆಟ್ಟ ಗುಣವೂ ಅದರಲ್ಲೇ ಇದೆ. ಮುಳ್ಳಿನ ಬಾಗು ಸಣ್ಣದು, ಆಳಕ್ಕೆ ಇಳಿಯುವುದಿಲ್ಲ. ಆರು ಮುಳ್ಳಿದ್ದರೂ ಎಷ್ಟೋ ಸಲ ಒಂದೇ ಒಂದು ಮುಳ್ಳು ತುಟಿಯ ಪಕ್ಕದ ತೆಳು ಚರ್ಮವನ್ನು ಹಿಡಿದಿರುತ್ತದೆ. ಬ್ಯಾಸ್ ಬಾಯಿ ತೆರೆದರೆ ಒಂದು ಚೆಂಬು ಹೋಗುವಷ್ಟು ಅಗಲ, ಆದರೆ ಬದಿಯ ಪೊರೆ ಕಾಗದದಷ್ಟು ತೆಳು. ಗಟ್ಟಿ ಕೋಲಿನಿಂದ ಜಗ್ಗಿದರೆ ಆ ಪೊರೆ ಹರಿದು ತೂತು ದೊಡ್ಡದಾಗುತ್ತದೆ, ಇಲ್ಲವೇ ತೆಳು ಮುಳ್ಳೇ ನೆಟ್ಟಗಾಗುತ್ತದೆ. ಅಷ್ಟರಲ್ಲಿ ಮೀನು ನೆಗೆದು ತಲೆ ಕೊಡವಿದರೆ ಹುಸಿಮೀನಿನ ತೂಕವೇ ಸುತ್ತಿಗೆಯಂತೆ ಆಚೀಚೆ ಬಡಿದು ಗಾಳವನ್ನು ಕಿತ್ತೆಸೆಯುತ್ತದೆ. ಒಂಟಿ ಗಾಳದ ಪ್ಲಾಸ್ಟಿಕ್ ಹುಳುವಿಗೆ ಹೀಗೆ ಬಡಿಯುವ ಗಟ್ಟಿ ಮೈ ಇಲ್ಲ.

ಇಲ್ಲಿ ಕೋಲು ಮಾಡಬೇಕಾದ ಕೆಲಸ ಎಳೆಯುವುದಲ್ಲ, ಬಾಗಿಕೊಂಡು ಇರುವುದು. ಮೀನು ಮುಂದಕ್ಕೆ ಓಡಿದರೆ ಇನ್ನಷ್ಟು ಬಾಗಬೇಕು, ಹಿಂದಕ್ಕೆ ಬಂದರೆ ಅಷ್ಟೇ ನೆಟ್ಟಗಾಗಬೇಕು. ಹಾಗಾದಾಗ ದಾರ ಒಂದು ಕ್ಷಣವೂ ಸಡಿಲವಾಗುವುದಿಲ್ಲ, ಒಂದು ಕ್ಷಣವೂ ಅತಿಬಿಗಿಯಾಗುವುದಿಲ್ಲ. ಗಾಳಿಪಟ ಹಾರಿಸಿದವರಿಗೆ ಇದು ಬೇಗ ಅರ್ಥವಾದೀತು: ಗಾಳಿ ಜೋರಾದಾಗ ಬೆರಳು ತಾನಾಗಿ ದಾರ ಬಿಡುತ್ತದೆ, ಕಡಿಮೆಯಾದಾಗ ಎಳೆದುಕೊಳ್ಳುತ್ತದೆ. ಆ ಬೆರಳಿನ ಕೆಲಸವನ್ನು ಇಲ್ಲಿ ಕೋಲು ಮಾಡುತ್ತದೆ. ನನ್ನ ಗಟ್ಟಿ ಕೋಲು ಬಾಗದೇ ನಿಂತಿತ್ತು. ಮುಳ್ಳು ಕಿತ್ತ ಕ್ಷಣ ಸೆಟೆದ ದಾರದ ಬಿಗಿಯಷ್ಟೂ ಹುಸಿಮೀನನ್ನು ನಮ್ಮತ್ತ ಎಸೆಯಿತು.

ಇನ್ನೊಂದು ಕಾರಣವೂ ಇದೆ, ಅದು ಕಚ್ಚುವ ಕ್ಷಣಕ್ಕೆ ಸಂಬಂಧಿಸಿದ್ದು. ಬ್ಯಾಸ್ ಬೇಟೆಯನ್ನು ಹಲ್ಲಿನಿಂದ ಕಡಿಯುವುದಕ್ಕಿಂತ ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಕೋಲು ಮೆತ್ತಗಿದ್ದರೆ ತುದಿ ಸ್ವಲ್ಪ ಬಿಟ್ಟುಕೊಡುತ್ತದೆ, ಹುಸಿಮೀನು ಪೂರ್ತಿ ಬಾಯೊಳಗೆ ಹೋಗುತ್ತದೆ. ಕೋಲು ಸೆಟೆದಿದ್ದರೆ, ನಾವು ಬೆಚ್ಚಿ ಕೈ ಎತ್ತುವುದೂ ಸೇರಿ, ಬಾಯಿಗೆ ಬಂದ ತುತ್ತನ್ನು ನಾವೇ ಕಿತ್ತುಕೊಂಡಂತೆ. ನೀರಿನ ಮೇಲೆ ತೇಲಿಸಿ ಎಳೆಯುವ ಹುಸಿಮೀನುಗಳಲ್ಲಿ ಈ ತಪ್ಪು ಬಹಳ. ಮೀನು ನೀರು ಚಿಮ್ಮಿಸಿದ್ದು ಕಣ್ಣಿಗೆ ಕಂಡ ಕೂಡಲೇ ಎಳೆಯುತ್ತೇವೆ. ಕಂಡಾಗ ಅಲ್ಲ, ಕೈಗೆ ಭಾರ ತಿಳಿದಾಗ ಎತ್ತಬೇಕು.

ಕೋಲಿನ ಮೇಲಿನ ಬರಹ

ಹಿಡಿಯ ಸ್ವಲ್ಪ ಮೇಲೆ ಕೋಲಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಂಗತಿ ಬರೆದಿರುತ್ತಾರೆ. ಕನ್ನಡಕ ಹಾಕಿಕೊಂಡೇ ಅಂಗಡಿಗೆ ಹೋಗಿ. ಉದ್ದ ಎಷ್ಟು, ಎಷ್ಟು ಪೌಂಡಿನ ದಾರಕ್ಕೆ, ಎಷ್ಟು ಔನ್ಸಿನ ಲ್ಯೂರ್‌ಗೆ, ಇವು ಮೂರೂ ಸುಲಭ. ಗೊಂದಲ ಇರುವುದು ನಾಲ್ಕನೆಯದರಲ್ಲಿ. ಅಲ್ಲಿ ಎರಡು ಬೇರೆ ಬೇರೆ ಗುಣಗಳನ್ನು ಒಟ್ಟಿಗೆ ಬರೆದಿರುತ್ತಾರೆ: ಪವರ್ ಮತ್ತು ಆಕ್ಷನ್.

ಪವರ್ ಎಂದರೆ ಕೋಲನ್ನು ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು. ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂದು ಏರುತ್ತದೆ. ಆಕ್ಷನ್ ಎಂದರೆ ಬಗ್ಗಿದಾಗ ಎಲ್ಲಿಂದ ಬಗ್ಗುತ್ತದೆ ಎಂಬುದು. ತುದಿಯ ಕಾಲು ಭಾಗ ಮಾತ್ರ ಬಗ್ಗಿದರೆ ಫಾಸ್ಟ್. ಅರ್ಧದವರೆಗೆ ಬಗ್ಗಿದರೆ ಮಾಡರೇಟ್. ಹಿಡಿಯ ತನಕ ಬಗ್ಗಿದರೆ ಸ್ಲೋ. ಫಾಸ್ಟ್‌ಗೂ ಮಾಡರೇಟ್‌ಗೂ ನಡುವೆ ಮಾಡರೇಟ್ ಫಾಸ್ಟ್ ಎಂಬುದೊಂದಿದೆ. ಕೆಲವು ಕಂಪನಿಗಳು ಮಾಡರೇಟ್ ಎನ್ನುವ ಬದಲು ಇಲ್ಲಿಯೂ ಮೀಡಿಯಂ ಎಂದೇ ಬರೆಯುತ್ತವೆ. ಮೀಡಿಯಂ ಕೇಳಿ ಮೀಡಿಯಂ ತಂದು, ಮನೆಗೆ ಬಂದು ನೋಡಿದರೆ ಅದು ಪವರ್ ಮಾತ್ರ ಮೀಡಿಯಂ, ಆಕ್ಷನ್ ಫಾಸ್ಟ್ ಆಗಿರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಊರಿನ ಉದಾಹರಣೆ ಕೊಡುವುದಾದರೆ ದೋಟಿ ಮತ್ತು ಓಟೆ. ಮಾವಿನಕಾಯಿ ಕೀಳುವ ದೋಟಿ ಅಲುಗಾಡುವುದಿಲ್ಲ. ಕೀಳುವುದಕ್ಕೆ ಅದೇ ಬೇಕು. ನನ್ನ ಬಾಲ್ಯದ ಓಟೆಯ ಕೋಲು ಮಾತ್ರ ಕಾಲು ಕಿಲೋ ಮೀನಿಗೂ ಬಿಲ್ಲಿನಂತೆ ಬಾಗುತ್ತಿತ್ತು. ಅದು ಮಾಡರೇಟ್ ಆಕ್ಷನ್ ಎಂಬುದು ನನಗೆ ಅರವತ್ತೈದನೆಯ ವಯಸ್ಸಿನಲ್ಲಿ ಗೊತ್ತಾಯಿತು!

ಒಂದೇ ಕೋಲು ಕೊಳ್ಳುವುದಾದರೆ

ಅಲ್ಲಿ ಇದನ್ನೇ ಕಸುಬಾಗಿ ಮಾಡುವವರ ದೋಣಿಯಲ್ಲಿ ಹತ್ತು ಹದಿನೈದು ಕೋಲುಗಳಿರುತ್ತವೆ, ಒಂದೊಂದು ಲ್ಯೂರ್‌ಗೆ ಒಂದೊಂದು. ನಮಗೆ ಅದು ಬೇಡ. ಒಂದೇ ಕೋಲಿನಲ್ಲಿ ಟ್ರೆಬಲ್ ಇರುವ ಲ್ಯೂರ್‌ಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಎಸೆಯಬೇಕು ಎಂದರೆ ನನ್ನ ಅಭಿಪ್ರಾಯ ಹೀಗೆ: ಉದ್ದ ಏಳಡಿ, ಪವರ್ ಮೀಡಿಯಂ, ಆಕ್ಷನ್ ಮಾಡರೇಟ್ ಅಥವಾ ಮಾಡರೇಟ್ ಫಾಸ್ಟ್, ಲ್ಯೂರ್ ತೂಕ ಕಾಲು ಔನ್ಸಿನಿಂದ ಮುಕ್ಕಾಲು ಔನ್ಸಿನವರೆಗೆ, ಅಂದರೆ ಸುಮಾರು 7 ಗ್ರಾಂನಿಂದ 21 ಗ್ರಾಂ. ಹೊಂಡಕ್ಕೆ ಬಗ್ಗಿ ಈಜುವ ಸಣ್ಣ ಮಧ್ಯಮ ಕ್ರ್ಯಾಂಕ್‌ಬೈಟ್, ಹೊಟ್ಟೆಯಲ್ಲಿ ಗುಂಡು ಗಿಲಕಿಯಾಡುವ ತುಟಿಯಿಲ್ಲದ ಲ್ಯೂರ್, ಜಗ್ಗಿ ಜಗ್ಗಿ ನಿಲ್ಲಿಸುವ ಜರ್ಕ್‌ಬೈಟ್, ನೀರ ಮೇಲೆ ಎಡಬಲ ತೊನೆಯುವ ಮತ್ತು ಗುಳುಕ್ ಎನ್ನುವ ತೇಲು ಲ್ಯೂರ್‌ಗಳು ಎಲ್ಲವೂ ಈ ಅಳತೆಯೊಳಗೆ ಬರುತ್ತವೆ.

ಏಳಡಿಯೇ ಏಕೆ? ಉದ್ದವಾದಷ್ಟೂ ದೂರ ಎಸೆಯಬಹುದು, ಕ್ರ್ಯಾಂಕ್‌ಬೈಟಿಗೆ ಅದು ಲಾಭ. ಆದರೆ ಜರ್ಕ್‌ಬೈಟ್ ಮತ್ತು ತೇಲು ಲ್ಯೂರ್ ಆಡಿಸುವಾಗ ಕೋಲಿನ ತುದಿಯನ್ನು ಕೆಳಕ್ಕೆ ಹಿಡಿದು ಕುಲುಕಬೇಕು. ಕೋಲು ಉದ್ದವಾದರೆ ತುದಿ ನೀರಿಗೆ ಬಡಿಯುತ್ತದೆ, ಮಣಿಕಟ್ಟು ನೋಯುತ್ತದೆ. ನೀವು ಕುಳ್ಳಗಿದ್ದರೆ ಅಥವಾ ಕೋಲು ಮಕ್ಕಳ ಕೈಗೆ ಹೋಗುವುದಾದರೆ ಆರೂವರೆ ಅಡಿಗೆ ಇಳಿಯಿರಿ, ನಷ್ಟವಿಲ್ಲ. ಮಾಡರೇಟ್ ಮತ್ತು ಮಾಡರೇಟ್ ಫಾಸ್ಟ್ ನಡುವೆಯೂ ಹೀಗೆಯೇ ಒಂದು ಕೊಡುಕೊಳ್ಳುವಿಕೆ. ಕ್ರ್ಯಾಂಕ್‌ಬೈಟ್ ಹೆಚ್ಚು ಬಳಸುವವರು ಮೊದಲನೆಯದನ್ನು, ಜರ್ಕ್‌ಬೈಟ್ ಮತ್ತು ತೇಲು ಲ್ಯೂರ್ ಹೆಚ್ಚು ಆಡಿಸುವವರು ಎರಡನೆಯದನ್ನು ಆರಿಸಲಿ. ಇಪ್ಪತ್ತಡಿ ಆಳಕ್ಕೆ ಇಳಿಯುವ ದೊಡ್ಡ ತುಟಿಯ ಲ್ಯೂರ್‌ಗಳ ಆಸೆ ಬಿಡಿ. ಅವು ನೀರಿನಲ್ಲಿ ಎಳೆಯುವ ಭಾರಕ್ಕೆ ಬೇರೆಯೇ ಕೋಲು ಬೇಕು. ಪ್ಲಾಸ್ಟಿಕ್ ಹುಳುವನ್ನೂ ಈ ಕೋಲಿಗೆ ಕಟ್ಟಬೇಡಿ. ಮೀನು ಕಚ್ಚುತ್ತದೆ, ಗಾಳ ಚುಚ್ಚುವುದಿಲ್ಲ.

ಕೋಲಿನ ದ್ರವ್ಯದ ಬಗ್ಗೆ ಅಂಗಡಿಯಲ್ಲಿ ದೊಡ್ಡ ಭಾಷಣವೇ ಆಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಬಿದಿರು ಉಕ್ಕುಗಳ ಜಾಗಕ್ಕೆ ಫೈಬರ್‌ಗ್ಲಾಸ್ ಬಂತು. 1970ರ ದಶಕದಲ್ಲಿ ಗ್ರಾಫೈಟ್ ಬಂತು. ಗ್ರಾಫೈಟ್ ಹಗುರ, ತಳದಲ್ಲಿ ಕಲ್ಲು ತಾಗಿದ್ದೂ ಕೈಗೆ ತಿಳಿಯುತ್ತದೆ. ಗ್ಲಾಸ್ ಭಾರ, ಮಂದ, ಆದರೆ ನಿಧಾನವಾಗಿ ಆಳಕ್ಕೆ ಬಾಗುತ್ತದೆ. ನಮಗೆ ಬೇಕಾದದ್ದು ಅದೇ. ವೃತ್ತಿ ಸ್ಪರ್ಧೆಯ ದೊಡ್ಡ ಪ್ರಶಸ್ತಿಯಾದ ಬ್ಯಾಸ್‌ಮಾಸ್ಟರ್ ಕ್ಲಾಸಿಕ್ಕನ್ನು 1976, 1977, 1984 ಮತ್ತು 1990ರಲ್ಲಿ ಗೆದ್ದ ರಿಕ್ ಕ್ಲನ್, ಗ್ರಾಫೈಟಿನ ಕಾಲದಲ್ಲೂ ಕ್ರ್ಯಾಂಕ್‌ಬೈಟಿಗೆ ಗ್ಲಾಸ್ ಕೋಲನ್ನೇ ಮೆಚ್ಚಿಕೊಂಡವರೆಂದು ಹೆಸರಾದವರು. ಎರಡನ್ನೂ ಬೆರೆಸಿದ ಕಾಂಪೊಸಿಟ್ ಕೋಲುಗಳೂ ಇವೆ. ದಿನವಿಡೀ ಹಿಡಿಯಬೇಕಾದ ನಮ್ಮ ವಯಸ್ಸಿನ ತೋಳಿಗೆ ನಾನು ಈ ಬೆರಕೆಯನ್ನೇ ಹೇಳುತ್ತೇನೆ. ಆದರೆ ಮಾಡರೇಟ್ ಆಗಿ ಬಾಗುವಂತೆ ಮಾಡಿದ ಬರಿ ಗ್ರಾಫೈಟ್ ಕೋಲು ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ. ದ್ರವ್ಯಕ್ಕಿಂತ ಬಾಗು ಮುಖ್ಯ.

ಬಾಗನ್ನು ಅಂಗಡಿಯಲ್ಲೇ ನೋಡಬಹುದು. ಗಾಳಿಯಲ್ಲಿ ಕೋಲು ಕುಲುಕಿ ನೋಡುವುದರಿಂದ ಏನೂ ತಿಳಿಯದು, ಎಲ್ಲರೂ ಅದನ್ನೇ ಮಾಡುತ್ತಾರೆ. ಅಂಗಡಿಯವನ ಒಪ್ಪಿಗೆ ಪಡೆದು ಬಳೆಗಳ ಮೂಲಕ ಒಂದು ದಾರ ಪೋಣಿಸಿ, ತುದಿಗೆ ಅರ್ಧ ಕಿಲೋದಷ್ಟು ಭಾರ ಕಟ್ಟಿ, ನೆಲದಿಂದ ಮೆಲ್ಲಗೆ ಎತ್ತಿ. ಬಗಲಿಗೆ ನಿಂತವರು ನೋಡಲಿ. ತುದಿ ಮಾತ್ರ ಕೊಕ್ಕೆಯಾದರೆ ವಾಪಸು ಇಡಿ. ನಡುವಿನ ತನಕ ಬಿಲ್ಲಿನಂತೆ ಕಮಾನು ಬಂದರೆ ತೆಗೆದುಕೊಳ್ಳಿ.

ರೀಲಿನ ಬಗ್ಗೆ ಎರಡೇ ಮಾತು. ಕೋಲಿನ ಮೇಲೆ ಕೂರುವ ಬೈಟ್‌ಕಾಸ್ಟಿಂಗ್ ರೀಲ್ ಒಳ್ಳೆಯದೇ, ಆದರೆ ಹೊಸಬರ ಕೈಯಲ್ಲಿ ದಾರ ಗುಬ್ಬಿಗೂಡಾಗುತ್ತದೆ. ಬಿಡಿಸುವುದರಲ್ಲಿ ಶನಿವಾರ ಕಳೆಯುತ್ತದೆ. ಕೆಳಗೆ ನೇತಾಡುವ ಸ್ಪಿನ್ನಿಂಗ್ ರೀಲಿನಿಂದ ಶುರುಮಾಡಿ. ಕೋಲೂ ಸ್ಪಿನ್ನಿಂಗ್ ಕೋಲೇ ಆಗಿರಬೇಕು, ಒಂದಕ್ಕೊಂದು ಅದಲುಬದಲು ಆಗುವುದಿಲ್ಲ.

ದಾರವೂ ಕೋಲಿನ ಭಾಗವೇ

ನಾನು ಮಾಡಿದ ಎರಡನೆಯ ತಪ್ಪು ದಾರ. ಹೆಣೆದ ದಾರ, ಅಂದರೆ ಬ್ರೇಡ್, ಒಂದಿಷ್ಟೂ ಹಿಗ್ಗುವುದಿಲ್ಲ. ಮೀನು ತಲೆ ಕೊಡವಿದ ಪೆಟ್ಟು ನೇರವಾಗಿ ಗಾಳಕ್ಕೇ. ಸಾದಾ ನೈಲಾನ್ ದಾರ ರಬ್ಬರಿನ ಹಾಗೆ ಕೊಂಚ ಹಿಗ್ಗುತ್ತದೆ, ಬೆಲೆಯೂ ಕಡಿಮೆ. ಬೇಗ ಮುಳುಗುವುದಿಲ್ಲವಾದ್ದರಿಂದ ತೇಲು ಲ್ಯೂರ್‌ಗೂ ಸರಿ. 10ರಿಂದ 12 ಪೌಂಡಿನ ನೈಲಾನ್ ಹಾಕಿದರೆ ಮೇಲೆ ಹೇಳಿದ ಕೋಲಿಗೆ ಸಾಕು. ಫ್ಲೂರೊಕಾರ್ಬನ್ ಎಂಬುದು ನೀರಿನಲ್ಲಿ ಕಣ್ಣಿಗೆ ಬೀಳುವುದು ಕಡಿಮೆ, ಮುಳುಗುತ್ತದೆ, ಆದ್ದರಿಂದ ಕ್ರ್ಯಾಂಕ್‌ಬೈಟಿಗೆ ಒಳ್ಳೆಯದು, ತೇಲು ಲ್ಯೂರ್‌ಗೆ ಅಲ್ಲ.

ಮೂರನೆಯ ತಪ್ಪು ಡ್ರ್ಯಾಗ್. ರೀಲಿನ ಮೇಲಿನ ತಿರುಪು ಅದು. ಮೀನು ಜೋರಾಗಿ ಎಳೆದಾಗ ದಾರ ತಾನಾಗಿ ಬಿಚ್ಚಿಕೊಳ್ಳಲೆಂದೇ ಇಟ್ಟದ್ದು. ದಾರದ ಬಲದ ಕಾಲು ಭಾಗದಷ್ಟು ಎಳೆತಕ್ಕೆ ಅದು ಬಿಡಬೇಕು. 12 ಪೌಂಡಿನ ದಾರವಾದರೆ 3 ಪೌಂಡು, ಅಂದರೆ ಸುಮಾರು ಒಂದೂಕಾಲು ಕಿಲೋ. ಸಾಮಾನು ತೂಗುವ ಕೈತಕ್ಕಡಿಯನ್ನು ದಾರಕ್ಕೆ ಕಟ್ಟಿ ಎಳೆದು ನೋಡಿ. ವಿಮಾನದ ಬ್ಯಾಗು ತೂಗಲು ನಾವೆಲ್ಲ ಒಯ್ಯುವ ಆ ತಕ್ಕಡಿಯೇ ಆದೀತು.

ಇಷ್ಟೆಲ್ಲ ಲೆಕ್ಕ ಓದಿ ಗಾಬರಿಯಾಗಬೇಡಿ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಎಂಬ ಬಡ ರೈತ ಯುವಕ 22 ಪೌಂಡು 4 ಔನ್ಸಿನ, ಅಂದರೆ ಹತ್ತು ಕಿಲೋ ಮೀರಿದ ಬ್ಯಾಸ್ ಹಿಡಿದ. ಹಿಡಿದದ್ದು ಕ್ರೀಕ್ ಚಬ್ ಕಂಪನಿಯ ಒಂದು ಹುಸಿಮೀನಿನಿಂದ. ಅವನಿಗೂ ಗೆಳೆಯನಿಗೂ ಸೇರಿ ಇದ್ದದ್ದು ಒಂದೇ ಕೋಲು, ಒಂದೇ ಲ್ಯೂರ್ ಎಂದು ಹೇಳುತ್ತಾರೆ. ಮೀನನ್ನು ತೂಗಿಸಿ, ಮನೆಗೆ ಒಯ್ದು ಎಲ್ಲರೂ ಊಟ ಮಾಡಿದರು. ಆ ದಾಖಲೆಗೆ ಸರಿಗಟ್ಟಿದ್ದು 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ ಮನಬು ಕುರಿತ ಎಂಬವರು. ಅವರ ಮೀನು ಒಂದು ಔನ್ಸ್ ಹೆಚ್ಚಿತ್ತು, ಆದರೆ ದಾಖಲೆ ಮುರಿಯಲು ಎರಡು ಔನ್ಸ್ ಬೇಕೆಂಬ ನಿಯಮದಿಂದಾಗಿ ಸರಿಸಮ ಎಂದಾಯಿತು.

ಈ ಕೋಲನ್ನು ಇಲ್ಲಿಗೆ ತಂದರೆ ಆದೀತೇ ಎಂದು ಕೆಲವರು ಕೇಳುತ್ತಾರೆ. ಹೈದರಾಬಾದಿನವರಿಗೆ ಕೊರ್ರಮೀನು ಗೊತ್ತು, ತೆಲಂಗಾಣದ ರಾಜ್ಯಮೀನು. ನಮ್ಮಲ್ಲಿ ಕೊರವ ಎನ್ನುತ್ತಾರೆ. ಅದು ಇರುವುದು ಜೊಂಡಿನಲ್ಲಿ. ಅಲ್ಲಿ ಮೂರು ಮುಳ್ಳು ಎಸೆದರೆ ಜೊಂಡೇ ಸಿಗುತ್ತದೆ. ಅದಕ್ಕೆ ರಬ್ಬರ್ ಕಪ್ಪೆ ಮತ್ತು ಗಟ್ಟಿ ಕೋಲು, ನಾನು ಮೊದಲು ಕೊಂಡಂಥದ್ದು. ಕಾವೇರಿಯ ದೊಡ್ಡ ಮಹಶೀರ್ ಮೀನಿನ ಆಸೆ ಮಾತ್ರ ಬೇಡ. ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ ಭಾರತದ ಗಾಳಗಾರಿಕೆಯ ಮೇಲೆ ಬರೆದ ಪುಸ್ತಕ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಗಿತ್ತು, ಆಗ ಮಹಶೀರಿಗೆ ಬರವಿರಲಿಲ್ಲ. ಕಾವೇರಿಯ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿದೆ. ಕೆರೆಯಾಗಲಿ ಅಣೆಕಟ್ಟಾಗಲಿ, ಅನುಮತಿ ಕೇಳದೆ ಎಲ್ಲಿಯೂ ಕೋಲು ಬೀಸಬೇಡಿ.

ಅಮೆರಿಕದಲ್ಲೂ ಹಾಗೆಯೇ. ಟೆಕ್ಸಾಸಿನಲ್ಲಿ 17 ವರ್ಷದೊಳಗಿನ ಮಕ್ಕಳಿಗೆ ಲೈಸೆನ್ಸ್ ಬೇಡ, ಪ್ರವಾಸಕ್ಕೆ ಬಂದ ಅಜ್ಜನಿಗೆ ಬೇಕು. ಯಾವ ಅಳತೆಯ ಮೀನು ಇಟ್ಟುಕೊಳ್ಳಬಹುದು ಎಂಬುದು ಕೆರೆಯಿಂದ ಕೆರೆಗೆ ಬೇರೆ. ಹೋಗುವ ಮುನ್ನ ಆ ವರ್ಷದ ನಿಯಮ ಓದಿ.

ಇನ್ನು ಆ ಟೋಪಿಯ ವಿಷಯ. ಕೋಲು ಎಷ್ಟೇ ಮೆತ್ತಗಿರಲಿ, ಮೂರು ಮುಳ್ಳು ಒಂದಲ್ಲ ಒಂದು ದಿನ ಹಾರಿ ಬರುತ್ತದೆ. ಎಸೆಯುವವರೂ ಪಕ್ಕದಲ್ಲಿ ನಿಂತವರೂ ಕನ್ನಡಕ ಹಾಕಲೇಬೇಕು. ಮುಳ್ಳಿನ ಹಿಂಗೊಕ್ಕೆಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಬಾಗುವ ಕೋಲಿದ್ದರೆ ಹಿಂಗೊಕ್ಕೆ ಇಲ್ಲದೆಯೂ ಮೀನು ನಿಲ್ಲುತ್ತದೆ, ಬಿಡಿಸುವಾಗ ಮೀನಿಗೂ ನಿಮ್ಮ ಬೆರಳಿಗೂ ಕ್ಷೇಮ. ಲ್ಯೂರ್ ಪೊದೆಗೋ ಕೊಂಬೆಗೋ ಸಿಕ್ಕಿದಾಗ ಕೋಲಿನಿಂದ ಜಗ್ಗಬೇಡಿ. ಕೋಲನ್ನು ಅದರತ್ತ ನೇರ ಚಾಚಿ, ಮುಖ ತಿರುಗಿಸಿ, ದಾರವನ್ನು ಮೆಲ್ಲಗೆ ಎಳೆಯಿರಿ. ಮುಳ್ಳು ಕಣ್ಣಿನ ಹತ್ತಿರ ಚುಚ್ಚಿದರೆ ಕೀಳಲು ಹೋಗದೆ ಹಾಗೇ ಆಸ್ಪತ್ರೆಗೆ ಹೊರಡಿ.

ನಮ್ಮ ಎರಡನೆಯ ಕೋಲು ಆರೂವರೆ ಅಡಿ, ಮೀಡಿಯಂ, ಮಾಡರೇಟ್. ಹಿಂದಿರುಗುವ ಮುನ್ನಿನ ಶನಿವಾರ ಹುಡುಗ ಅದರಲ್ಲಿ ಒಂದೂವರೆ ಕಿಲೋದ ಬ್ಯಾಸ್ ದಂಡೆಗೆ ತಂದ. ಮೀನು ಎರಡು ಸಲ ನೆಗೆಯಿತು, ಕೋಲು ಎರಡು ಸಲವೂ ಓಟೆಯ ಹಾಗೆ ಬಾಗಿ ಎದ್ದಿತು. ನಾನು ತುಟಿ ಹಿಡಿದು ಎತ್ತಿ ನೋಡಿದೆ: ಆರು ಮುಳ್ಳಿನಲ್ಲಿ ಒಂದೇ ಒಂದು, ಅದೂ ಚರ್ಮದ ಅಂಚಿನಲ್ಲಿ. ಫೋಟೊ ತೆಗೆದು ನೀರಿಗೆ ಬಿಟ್ಟೆವು. ಮೊದಲ ಕೋಲು ಈಗ ಮಗಳ ಮನೆಯ ಗ್ಯಾರೇಜಿನಲ್ಲಿದೆ, ಜೇಡರ ಬಲೆ ತೆಗೆಯಲು ಬಳಸುತ್ತಾರೆ.